ಹಳೆಯ ಗಾಜಿನ ತೊಟ್ಟಿಗೆ ಮರುಜೀವ



ಮನೆಯ ಮುಂದೆಯೇ ಹಳ್ಳ ಹರಿಯುವ ಮಲೆನಾಡಿನಲ್ಲಿ ಗಾಜಿನ ತೊಟ್ಟಿಯ ಮೀನು ಏತಕ್ಕೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ದಂಡೆಯ ಮೇಲೆ ನಿಂತವರಿಗೆ ಕಾಣುವುದು ಮೀನಿನ ಬೆನ್ನು ಮಾತ್ರ. ನೀರು ಕೆಡುವ ಬಗೆ, ಮತ್ತೆ ತಿಳಿಯಾಗುವ ಬಗೆ, ಶಾಲೆಯ ಮೂಲೆಯಲ್ಲಿಟ್ಟ ಒಂದು ತೊಟ್ಟಿಯಲ್ಲಿ ಮಕ್ಕಳ ಕಣ್ಣೆದುರಿಗೇ ನಡೆಯುತ್ತವೆ. ಹೊಸ ತೊಟ್ಟಿ ದುಬಾರಿ. ಪಟ್ಟಣದ ಗುಜರಿ ಅಂಗಡಿಗಳಲ್ಲಿ, ಆಸಕ್ತಿ ತೀರಿದವರ ಅಟ್ಟಗಳಲ್ಲಿ ಹಳೆಯವು ಧೂಳು ಹಿಡಿದು ಬಿದ್ದಿರುತ್ತವೆ.

ಕೊಳ್ಳುವಾಗ ಗಾಜಿನ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಬಿರುಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬಿದರೆ ನೀರಿನ ಭಾರವೇ ಸುಮಾರು 56 ಕಿಲೋ. ಅಲುಗಾಡುವ ಬೆಂಚು ಅದಕ್ಕೆ ತಕ್ಕುದಲ್ಲ. ಸಮತಟ್ಟಾದ ಕಲ್ಲುಕಟ್ಟೆ, ಅದರ ಮೇಲೊಂದು ಥರ್ಮಾಕೋಲ್ ಹಾಳೆ ಇರಲಿ.

ಮೂಲೆಯಲ್ಲಿ ಸೋರುವ ತೊಟ್ಟಿಯನ್ನು ಸರಿಪಡಿಸಬಹುದು. ಇಲ್ಲಿ ಬಹುಮಂದಿ ಎಡವುತ್ತಾರೆ. ಸೋರುವ ಜಾಗಕ್ಕಷ್ಟೇ ಅಂಟು ಮೆತ್ತಿದರೆ ಅದು ನಿಲ್ಲದು, ಏಕೆಂದರೆ ಒಣಗಿದ ಹಳೆಯ ಸಿಲಿಕೋನಿಗೆ ಹೊಸದು ಹಿಡಿಯುವುದಿಲ್ಲ. ಒಳಮೂಲೆಗಳ ಅಂಟನ್ನೆಲ್ಲ ಬ್ಲೇಡಿನಿಂದ ಹೆರೆದು, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಆಮೇಲೆ ಎಲ್ಲ ಮೂಲೆಗಳಿಗೂ ಒಮ್ಮೆಗೇ ಹೊಸ ಅಂಟನ್ನು ಎಳೆಯಬೇಕು. ಗಾಜುಗಳನ್ನು ಪರಸ್ಪರ ಹಿಡಿದಿರುವ ನಡುವಿನ ಅಂಟನ್ನು ಮಾತ್ರ ಮುಟ್ಟಬಾರದು. ಬಚ್ಚಲುಮನೆಗೆಂದು ಮಾರುವ, ಬೂಸಲು ತಡೆಯುವ ಸಿಲಿಕೋನಿನಲ್ಲಿ ಮೀನಿಗೆ ವಿಷವಾಗುವ ಪದಾರ್ಥವಿರುತ್ತದೆ; ಮೀನುತೊಟ್ಟಿಗೆಂದೇ ಬರುವುದನ್ನು ಕೇಳಿ ತರಬೇಕು. ಹುಳಿವಾಸನೆ ಪೂರ್ತಿ ಹೋಗುವ ತನಕ, ಒಂದು ವಾರವಾದರೂ, ಬಿಟ್ಟು, ನೀರು ತುಂಬಿ ಎರಡು ದಿನ ಹೊರಗಿಟ್ಟು ಪರೀಕ್ಷಿಸಬೇಕು. ಕೆಳಗೆ ಹಳೆಯ ಪತ್ರಿಕೆ ಹಾಸಿದರೆ ಸಣ್ಣ ಜಿನುಗೂ ಗೊತ್ತಾಗುತ್ತದೆ.

ಗಾಜಿನ ಬಿಳಿಕಲೆಗೆ ನಿಂಬೆರಸ ಅಥವಾ ವಿನೆಗರ್ ಸಾಕು. ಸೋಪು ಕೂಡದು.

ಗಾಳಿ ಪಂಪು, ಅದಕ್ಕೆ ಜೋಡಿಸುವ ಸ್ಪಂಜಿನ ಶೋಧಕ, ಖರ್ಚು ಇಷ್ಟಕ್ಕೇ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಬೇಕು. ಇಲ್ಲವಾದರೆ ಕರೆಂಟು ಹೋದಾಗ ನೀರು ನಳಿಕೆಯಲ್ಲಿ ಹಿಂದಕ್ಕೆ ಹರಿದು ಪಂಪು ಕೆಡುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಹೋಗುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಮರಳಿಗಾಗಿ ಹೊಳೆಗೆ ಹೋಗಬೇಡಿ. ಮನೆ ಕಟ್ಟಿ ಉಳಿದ ಎರಡು ಬುಟ್ಟಿಯನ್ನು ತೊಳೆದು ಬಳಸಬಹುದು.

ನೀರು ತುಂಬಿದ ದಿನವೇ ಮೀನು ಬಿಡುವುದು ದೊಡ್ಡ ತಪ್ಪು. ಮೀನಿನ ಹೊಲಸಿನಿಂದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಗಳು ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅವಕ್ಕೆ ಊಟ ಸಿಗುತ್ತದೆ. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಹಳೆಯ ಸ್ಪಂಜಿನ ತುಂಡು ಸಿಕ್ಕರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ಇನ್ನು, ಯಾವ ಮೀನು? ಹಣ ಉಳಿಯುವುದೆಂದು ಹಳ್ಳಕ್ಕೆ ಬಲೆ ಹಾಕುವ ಆಸೆ ಮೂಡೀತು. ಐಯುಸಿಎನ್ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಪಶ್ಚಿಮಘಟ್ಟದ ಸಿಹಿನೀರಿನ ಮೀನುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವು ಅಪಾಯದಲ್ಲಿವೆ ಎಂದಿತು. ಕೆಂಪುಗೆರೆಯ ‘ಮಿಸ್ ಕೇರಳ’ ಮೀನು ಅಳಿವಿನಂಚಿಗೆ ಬಂದುದಕ್ಕೆ ಇಂಥ ತೊಟ್ಟಿಗಳಿಗಾಗಿ ಹೊಳೆಗಳಿಂದ ಹಿಡಿದು ಮಾರಿದ್ದೂ ಒಂದು ಕಾರಣ. ಆದ್ದರಿಂದ ಸಾಕಣೆಯಲ್ಲಿ ಹುಟ್ಟಿದ ನಾಲ್ಕಾರು ಗಪ್ಪಿ ಸಾಕು.

ಆ ಗಪ್ಪಿಯೂ ಪರದೇಶದ್ದು, ಬೇಗ ಮರಿ ಹಾಕುತ್ತದೆ. ಹೆಚ್ಚಾದ ಮರಿಗಳನ್ನು ಅಂಗಡಿಗೋ ಇನ್ನೊಂದು ಶಾಲೆಗೋ ಕೊಡಬೇಕು, ಹಳ್ಳಕ್ಕೆ ಬಿಡಬಾರದು. ತೊಟ್ಟಿಯಿಂದ ತೆಗೆದ ನೀರನ್ನು ಬಾಳೆಬುಡಕ್ಕೆ ಹೊಯ್ಯಿರಿ. ಅದರಲ್ಲಿ ಕಣ್ಣಿಗೆ ಕಾಣದ ಮರಿ, ಬಸವನಹುಳುವಿನ ಮೊಟ್ಟೆ ಇದ್ದರೂ ಅಲ್ಲಿಯೇ ಒಣಗುತ್ತವೆ.