ಮಕ್ಕಳ ಚಷ್ಮಾ ಮತ್ತು ಸಿಲಿಂಡರ ನಂಬರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಶಿಕ್ಷಣದ ಬಗ್ಗೆ ನಾಲ್ಕು ಮಾತು ಹೇಳು ಅಂತ ಸಂಘದವರು ನನಗ ಹೇಳ್ಯಾರ. ಶಿಕ್ಷಣ ಅಂದಕೂಡಲೇ ನಾವು ಸಾಲಿ, ಪುಸ್ತಕ, ಸ್ಕಾಲರ್‌ಶಿಪ್ಪು ಅಂತೀವಿ. ಇವೆಲ್ಲಕ್ಕಿಂತ ಮೊದಲು ಬೇಕಾಗೋದು ಬೋರ್ಡಿನ ಮೇಲೆ ಬರೆದದ್ದು ಕಾಣುವ ಕಣ್ಣು. ಅದಕ್ಕ ಇವತ್ತು ನಾನು ಮಕ್ಕಳ ಚಷ್ಮಾದ ಬಗ್ಗೆ, ಅದರಾಗೂ ಚಷ್ಮಾದ ಅಂಗಡಿಯವರು 'ಸಿಲಿಂಡರ ನಂಬರ' ಅಂತಾರಲ್ಲ, ಅದರ ಬಗ್ಗೆ ಹೇಳ್ತೀನಿ. ಡಾಕ್ಟರ ಭಾಷೆಯಲ್ಲಿ ಅದಕ್ಕೆ ಅಸ್ಟಿಗ್ಮ್ಯಾಟಿಸಂ ಎಂದು ಹೆಸರು. ನಾನು ಡಾಕ್ಟರ ಅಲ್ಲ, ಬಿ.ಎ. ಓದುವ ವಿದ್ಯಾರ್ಥಿ. ಓದಿ, ಕೇಳಿ ತಿಳಕೊಂಡಷ್ಟನ್ನ ನಿಮ್ಮ ಮುಂದೆ ಇಡತೀನಿ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನ ಹಾಗೆ ಒಂದು ತಿಳಿ ಪದರ ಐತಿ. ಅದೇ ಕಾರ್ನಿಯಾ. ಅದು ಚೆಂಡಿನ ಹಾಗೆ ಎಲ್ಲ ಕಡೆಗೂ ಒಂದೇ ಸಮನಾಗಿ ಬಾಗಿದ್ದರೆ, ಬೆಳಕು ಕಣ್ಣಿನ ಒಳಗೆ ಒಂದೇ ಜಾಗದಾಗ ಕೂಡತದ. ಇನ್ನ ಚಮಚದ ಬೆನ್ನು ನೋಡ್ರಿ. ಉದ್ದಕ್ಕೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು ಬಾಗು. ಕಾರ್ನಿಯಾ ಸ್ವಲ್ಪ ಈ ರೀತಿ ಇದ್ದರೆ ಬೆಳಕು ಒಂದೇ ಜಾಗದಾಗ ಕೂಡುವುದಿಲ್ಲ. ಆಗ ಒಂದು ದಿಕ್ಕಿನ ಗೆರೆಗಳು ಸ್ವಚ್ಛ ಕಾಣ್ತಾವ, ಇನ್ನೊಂದು ದಿಕ್ಕಿನವು ಹರಡಿಕೊಂಡು ಕಾಣ್ತಾವ. ದೂರದ್ದೂ ಹಂಗ, ಹತ್ತಿರದ್ದೂ ಹಂಗ. ಇದು ಯಾರ ಶಾಪವೂ ಅಲ್ಲ. ಮೊಬೈಲ್ ನೋಡಿದ್ದಕ್ಕೆ ಬಂತು ಅಂತ ಮಗುವಿಗೆ ಹೊಡೆಯುವುದೂ ಬ್ಯಾಡ. ಬಹಳ ಮಕ್ಕಳಲ್ಲಿ ಕಣ್ಣಿನ ಆಕಾರವೇ ಹಂಗ ಇರ್ತದ.

ಇದು ಹೊಸ ಸಂಗತಿಯೂ ಅಲ್ಲ. ಥಾಮಸ್ ಯಂಗ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1801ರಲ್ಲಿ ತನ್ನ ಕಣ್ಣಿನಲ್ಲೇ ಈ ದೋಷ ಇರುವುದನ್ನು ಅಳೆದು ತೋರಿಸಿದ. 1825ರ ಸುಮಾರಿಗೆ ಜಾರ್ಜ್ ಏರಿ ಎಂಬ ಖಗೋಳ ವಿಜ್ಞಾನಿ ತನ್ನ ಎಡಗಣ್ಣಿಗಾಗಿ ವಿಶೇಷ ಲೆನ್ಸು ಮಾಡಿಸಿಕೊಂಡ. ಅದು ಒಂದು ದಿಕ್ಕಿಗೆ ಮಾತ್ರ ಹೆಚ್ಚು ಬಾಗಿದ ಲೆನ್ಸು. ಅದೇ ಇವತ್ತಿನ ಸಿಲಿಂಡರ ಲೆನ್ಸು.

ಈಗ ನಮ್ಮ ಮಕ್ಕಳ ಮಾತಿಗೆ ಬರೋಣ. ಗಡಿಭಾಗದ ನಮ್ಮಂಥ ಮನಿಗಳಾಗ ಕನ್ನಡ, ಸಾಲಿಯಾಗ ಮರಾಠಿ. ಮರಾಠಿಯ ಬ ಮತ್ತು ವ ಬರೆದು ನೋಡ್ರಿ. ನಡುವೆ ಒಂದು ಸಣ್ಣ ಗೆರೆಯದೇ ಫರಕು. ಸಿಲಿಂಡರ ನಂಬರ ಇರುವ ಹುಡುಗನಿಗೆ ಆ ಗೆರೆ ಕಾಣುವುದಿಲ್ಲ. ಅಂಕಿಗಳಾಗ 3 ಯಾವುದು, 8 ಯಾವುದು ಅಂತ ತಿಳಿಯುವುದಿಲ್ಲ. ತಪ್ಪು ಓದಿದರೆ, 'ಇವನಿಗೆ ಮರಾಠಿ ಬರೂದಿಲ್ಲ' ಅಂತಾರ. ಗಣಿತ ತಪ್ಪಿದರೆ, 'ಇವನ ತಲಿಯೊಳಗ ಇಳಿಯೂದಿಲ್ಲ' ಅಂತಾರ. ಕಡೆಗೆ ಅವನು ಹಿಂದಿನ ಸಾಲಿಗೆ ಹೋಗಿ ಕೂಡ್ತಾನ. ಅಲ್ಲಿಂದ ಇನ್ನೂ ಕಾಣುವುದಿಲ್ಲ.

ಬಾಬಾಸಾಹೇಬರ ಹೆಸರು 1900ರ ನವೆಂಬರ್ 7ರಂದು ಸಾತಾರಾದ ಸಾಲಿಯಾಗ ದಾಖಲಾಯಿತು. ಆ ದಿನವನ್ನು ಮಹಾರಾಷ್ಟ್ರದಾಗ ವಿದ್ಯಾರ್ಥಿ ದಿನ ಅಂತ ಆಚರಸ್ತೀವಿ. ಅವರು ಮನಿಯಿಂದ ಗೋಣಿತಟ್ಟು ಒಯ್ದು, ಉಳಿದ ಮಕ್ಕಳಿಂದ ದೂರ ಕೂತು ಕಲೀಬೇಕಾಗಿತ್ತು. ಅವರನ್ನು ದೂರ ಕೂಡಿಸಿದ್ದು ಜಾತಿ. ಅದರ ವಿರುದ್ಧ ನಮ್ಮ ಹಿರಿಯರು ಹೋರಾಡಿದರು, ನಾವೂ ಹೋರಾಡತೀವಿ. ಹಿಂಗಿರುವಾಗ, ಒಂದು ಚಷ್ಮಾದ ಸಲುವಾಗಿ ನಮ್ಮ ಮಗು ಮತ್ತೆ ಹಿಂದೆ ಸರಿದು 'ದಡ್ಡ' ಅನಿಸಿಕೊಂಡರೆ, ಅದನ್ನ ನಾವು ಸುಮ್ಮನೆ ನೋಡಬೇಕೇನ್ರಿ?

ಮಗು ತಾನಾಗಿ ಬಂದು 'ನನಗ ಕಾಣೂದಿಲ್ಲ' ಅಂತ ಹೇಳುವುದಿಲ್ಲ. ಹುಟ್ಟಿದಾಗಿನಿಂದ ಹಂಗೇ ಕಂಡದ್ದರಿಂದ, ಎಲ್ಲರಿಗೂ ಲೋಕ ಹಿಂಗೇ ಕಾಣ್ತದ ಅಂತ ಅದು ತಿಳಕೊಂಡಿರ್ತದ. ಗುರುತು ಹಿಡಿಯಬೇಕಾದವರು ನಾವು. ಕಣ್ಣು ಕಿರಿದು ಮಾಡಿ ನೋಡೋದು, ಕುತ್ತಿಗೆ ಓರೆ ಮಾಡೋದು, ಸಂಜಿಗೆ ತಲಿ ನೋಯ್ತದ ಅನ್ನೋದು, ಓದುವಾಗ ಸಾಲು ತಪ್ಪೋದು, ಪದೇ ಪದೇ ಕಣ್ಣು ತಿಕ್ಕೋದು. ಇವು ಕಂಡರೆ ಕಣ್ಣು ತೋರಸ್ರಿ. ಒಂದೇ ಕಣ್ಣಿನಲ್ಲಿ ನಂಬರ ಹೆಚ್ಚಿದ್ದರೆ ಹೊರಗೆ ಏನೂ ಗೊತ್ತಾಗುವುದಿಲ್ಲ, ಇನ್ನೊಂದು ಕಣ್ಣು ಕೆಲಸ ನಡೆಸಿಕೊಂಡು ಹೋಗ್ತದ. ಆದರೆ ಮಸುಕಾದ ಕಣ್ಣಿನ ಚಿತ್ರವನ್ನು ಮಿದುಳು ನಿಧಾನವಾಗಿ ಬಿಟ್ಟುಬಿಡತದ. ಅದಕ್ಕೆ 'ಸೋಮಾರಿ ಕಣ್ಣು' ಅಂತಾರ. ಏಳೆಂಟು ವರ್ಷದ ಒಳಗೆ ಚಿಕಿತ್ಸೆ ಆದರೆ ಬಹಳ ಮಟ್ಟಿಗೆ ಸುಧಾರಿಸ್ತದ. ತಡವಾದಷ್ಟೂ ಕಷ್ಟ, ಆಮೇಲೆ ಎಂಥ ಚಷ್ಮಾ ಹಾಕಿದರೂ ಪೂರ್ತಿ ಕಾಣದೆ ಹೋಗಬಹುದು. ಅದಕ್ಕ 'ದೊಡ್ಡವನಾದ ಮ್ಯಾಲ ನೋಡೋಣ' ಅನ್ನಬ್ಯಾಡ್ರಿ.

ಡಾಕ್ಟರ ಕೊಟ್ಟ ಚೀಟಿಯಲ್ಲಿ ಮೂರು ಮಾತು ಇರ್ತಾವ: ಸ್ಫೆರಿಕಲ್, ಸಿಲಿಂಡರ್, ಆಕ್ಸಿಸ್. ಮೊದಲಿನದು ಸಾದಾ ನಂಬರ. ಎರಡನೆಯದು ಸಿಲಿಂಡರ ನಂಬರ. ಮೂರನೆಯದು ಆ ಸಿಲಿಂಡರನ್ನು ಯಾವ ದಿಕ್ಕಿಗೆ ಕೂಡಿಸಬೇಕು ಅನ್ನೋ ಕೋನ, 1ರಿಂದ 180ರ ತನಕ. ಚೀಟಿಯಲ್ಲಿ 180 ಅಂತ ನೋಡಿ 'ಅಯ್ಯೋ, ನಂಬರ ಇಷ್ಟು ದೊಡ್ಡದಾ' ಅಂತ ಹೆದರುವವರು ಇದ್ದಾರ. ಅದು ದಿಕ್ಕು ಮಾತ್ರ. 180 ಅಂದ್ರ ಅಡ್ಡ, 90 ಅಂದ್ರ ನಿಂತದ್ದು.

ಇವತ್ತಿನ ಮುಖ್ಯ ಮಾತು ಈ ದಿಕ್ಕಿನದೇ. ಸಿಲಿಂಡರ ಚಷ್ಮಾವನ್ನು ಕೈ ಚಾಚಿ ಹಿಡಿದು, ಅದರೊಳಗಿಂದ ಬಾಗಿಲ ಚೌಕಟ್ಟು ನೋಡ್ರಿ. ಚಷ್ಮಾವನ್ನು ಸ್ಟೇರಿಂಗ್ ತಿರುಗಿಸಿದ ಹಾಗೆ ಸ್ವಲ್ಪ ತಿರುಗಿಸಿದರೆ, ಒಳಗೆ ಕಾಣುವ ಚೌಕಟ್ಟು ಓರೆಯಾಗ್ತದ. ಸಾದಾ ನಂಬರಿನ ಲೆನ್ಸಿನಾಗ ಹಂಗ ಆಗುವುದಿಲ್ಲ. ಲೆನ್ಸು 15 ಡಿಗ್ರಿ ತಿರುಗಿದರೆ ಸಿಲಿಂಡರಿನ ಅರ್ಧದಷ್ಟು ಉಪಯೋಗ ಹೋಯ್ತು. 30 ಡಿಗ್ರಿ ತಿರುಗಿದರೆ ಪೂರಾ ಹೋಯ್ತು, ಸಿಲಿಂಡರ ಇದ್ದೂ ಇಲ್ಲದ ಹಾಗೆ.

ನಮ್ಮ ಮಕ್ಕಳ ಚಷ್ಮಾ ಹೆಂಗ ಇರ್ತಾವ? ಕಬಡ್ಡಿಯಾಗ ಬಿದ್ದು ಒಂದು ಕಡ್ಡಿ ಮುರಿದು, ದಾರ ಕಟ್ಟಿದ್ದು. ಗುಂಡು ಲೆನ್ಸು ಫ್ರೇಮಿನಾಗ ಸಡಿಲಾಗಿ ತಿರುಗೋದು. ಅಕ್ಕನ ಹಳೇ ಚಷ್ಮಾ ತಮ್ಮನಿಗೆ. ಅವ್ವ ಅಪ್ಪ ಕಷ್ಟಪಟ್ಟು ರೊಕ್ಕ ಕೂಡಿಸಿ ಕೊಡಿಸಿರ್ತಾರ, ಆದರೆ ಸೊಟ್ಟ ಆದ ಮೇಲೆ ಅದು ಮೂಗಿನ ಮ್ಯಾಲಿನ ಭಾರ ಅಷ್ಟೇ. ಮಗು ಚಷ್ಮಾ ತೆಗೆದು ಚೀಲದಾಗ ಇಟ್ಟರೆ, ಬೈಯುವ ಮೊದಲು ಚಷ್ಮಾ ನೆಟ್ಟಗ ಐತೇನು ನೋಡ್ರಿ. ಒಬ್ಬರ ಚಷ್ಮಾ ಇನ್ನೊಬ್ಬರಿಗೆ ಹಾಕಬ್ಯಾಡ್ರಿ.

ಹೊಸ ಚಷ್ಮಾ ಹಾಕಿದ ಮೊದಲ ಕೆಲವು ದಿನ ನೆಲ ಓರೆ ಅನಿಸಬಹುದು, ದಿನಾ ಹಾಕಿದರೆ ರೂಢಿ ಆಗ್ತದ. ಎರಡು ವಾರ ಆದರೂ ಸರಿ ಹೋಗದಿದ್ದರೆ ಮತ್ತೆ ತೋರಸ್ರಿ. ಮಕ್ಕಳ ಕಣ್ಣಿಗೆ ಔಷಧ ಹನಿ ಹಾಕಿ ನಂಬರ ತೆಗೀತಾರ. ಆ ಹೊತ್ತು ಹತ್ತಿರದ್ದು ಮಸುಕಾಗ್ತದ, ಬಿಸಿಲು ಚುಚ್ಚತದ. ಹೆದರಬಾರದು, ಹನಿಯ ಪರಿಣಾಮ ಇಳಿದ ಮೇಲೆ ಸರಿ ಹೋಗ್ತದ. ವರ್ಷಕ್ಕೊಮ್ಮೆ ತಪಾಸಣಿ ಬೇಕು. ಹತ್ತು ಹನ್ನೆರಡರ ಮೇಲಿನ ಹುಡುಗರಿಗೆ ಸಿಲಿಂಡರ ನಂಬರ ಬೇಗ ಬೇಗ ಏರಿದರೆ, ಕಾರ್ನಿಯಾ ತೆಳುವಾಗುವ ಕಾಯಿಲೆ ಐತೇನು ಅಂತ ಕೇಳ್ರಿ. ಕಣ್ಣು ತಿಕ್ಕುವುದರಿಂದ ಅದು ಹೆಚ್ಚಾಗ್ತದ.

'ಹುಡುಗಿಗೆ ಚಷ್ಮಾ ಬಂದ್ರ ಲಗ್ನ ಹೆಂಗ' ಅನ್ನುವ ಅವ್ವಂದಿರಿಗೆ ಒಂದು ಮಾತು. ನಿಮ್ಮ ಮನಿಯ ಗೋಡಿ ಮ್ಯಾಲಿನ ಬಾಬಾಸಾಹೇಬರ ಫೋಟೋ ನೋಡ್ರಿ. ಅವರ ಚಷ್ಮಾ ನೋಡಿ ಯಾರಿಗಾದರೂ ಕಡಿಮೆ ಅನಿಸಿತೇನು?

ಕಡೆಯದಾಗಿ ಸಂಘದ ಕೆಲಸ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡದೈತಿ. ಅದರ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರಕಾರಿ ಸಾಲಿಗೆ 1 ಸಲ ಬರಬೇಕು. ಬಡ ಸಾಲಿ ಮಕ್ಕಳಿಗೆ ಪುಕ್ಕಟೆ ಚಷ್ಮಾ ಕೊಡುವ ಸರಕಾರಿ ಯೋಜನೆಯೂ ಐತಿ. ಇದು ದಾನ ಅಲ್ಲ, ಹಕ್ಕು. ತಂಡ ಬರುವ ದಿನ ಯಾವುದು ಅಂತ ಕೇಳಿ ಓಣಿಗೆ ತಿಳಿಸೋಣ, ಆ ದಿನ ಒಂದು ಮಗುವೂ ಸಾಲಿ ತಪ್ಪಿಸಬಾರದು. ಜೂನಿನಲ್ಲಿ ಸಾಲಿ ಸುರುವಾದಾಗ ಇದೇ ಸಭಾಮಂದಿರದಾಗ 20 ಅಡಿ ಅಳೆದು, ಇಂಗ್ಲಿಷ್ 'ಇ' ಅಕ್ಷರ ನಾಲ್ಕೂ ದಿಕ್ಕಿಗೆ ತಿರುಗಿರುವ ಚಾರ್ಟು ಹಚ್ಚೋಣ. ಓದು ಬಾರದ ಮಗುವೂ ಬೆರಳಿನಿಂದ ದಿಕ್ಕು ತೋರಸ್ತದ. ಒಂದೊಂದೇ ಕಣ್ಣು ಮುಚ್ಚಿ ನೋಡಿಸೋಣ. ತಡವರಿಸಿದ ಮಕ್ಕಳನ್ನು ಸಾಂಗ್ಲಿಯ ಸಿವಿಲ್ ಆಸ್ಪತ್ರೆಗೋ ಮಿರಜದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಕರಕೊಂಡು ಹೋಗೋಣ. ತಂದೆ-ತಾಯಿಗೆ ಕೂಲಿ ಬಿಟ್ಟು ಬರಲಿಕ್ಕೆ ಆಗದಿದ್ದರೆ, ಅವರನ್ನ ಕೇಳಿ ನಮ್ಮಲ್ಲಿ ಒಬ್ಬರು ಜೊತೆಗೆ ಹೋಗಬೇಕು. ಸಂಘದ ಕಪಾಟಿನಾಗ ಒಂದು ಸಣ್ಣ ಸ್ಕ್ರೂಡ್ರೈವರ್ ಇಡೋಣ, ಸಡಿಲಾದ ಚಷ್ಮಾ ಬಿಗಿ ಮಾಡಲಿಕ್ಕೆ. ಅದಕ್ಕೆ ದೊಡ್ಡ ವರ್ಗಣಿ ಬೇಕಾಗಿಲ್ಲ.

'ಕಲೀರಿ' ಅಂತ ನಾವು ಮಕ್ಕಳಿಗೆ ದಿನಾ ಹೇಳ್ತೀವಿ. ಕಲಿಯೋದು ಅವರಿಗೆ ಕಾಣಲಿ. ಇಷ್ಟು ಹೇಳಿ ನನ್ನ ಮಾತು ಮುಗಸ್ತೀನಿ.

ಜೈ ಭೀಮ್.