ವೃದ್ಧಾಶ್ರಮಗಳಲ್ಲಿ ಬೇಸಿಗೆಯ ಗೋಡೆ ಅಲಂಕಾರ: ಗ್ರಾಮ ಪಂಚಾಯತಿಗಳು ಮಾಡಬಹುದಾದ ಕೆಲಸ

(ಗ್ರಾಮ ಪಂಚಾಯತಿ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯತಿಯ ವತಿಯಿಂದ ವೃದ್ಧಾಶ್ರಮಕ್ಕೆ ಭೇಟಿ ನೀಡುವ ಪದ್ಧತಿ ಹಲವೆಡೆ ಇದೆ. ಹಣ್ಣು, ಬ್ರೆಡ್ಡು, ಹೊದಿಕೆಗಳನ್ನು ಹಂಚಲಾಗುತ್ತದೆ. ಗೋಡೆಗೆ ಒಂದು ಫ್ಲೆಕ್ಸ್, ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ತೋರಣ ಕಟ್ಟಲಾಗುತ್ತದೆ. ಭಾವಚಿತ್ರ ತೆಗೆದುಕೊಂಡು ಎಲ್ಲರೂ ಹಿಂದಿರುಗುತ್ತಾರೆ. ಅಲಂಕಾರ ನಡೆಯುವಷ್ಟು ಹೊತ್ತೂ ಆಶ್ರಮದ ನಿವಾಸಿಗಳು ಸಾಲಾಗಿ ಕುರ್ಚಿಗಳ ಮೇಲೆ ಕುಳಿತು ನೋಡುತ್ತಿರುತ್ತಾರೆ. ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಇದು ವಿಚಿತ್ರವಾದ ದೃಶ್ಯ. ಗೋಡೆಯನ್ನು ಸಿಂಗರಿಸುವ ವಿದ್ಯೆ ಆ ಕೊಠಡಿಯಲ್ಲಿ ಯಾರಿಗಾದರೂ ತಿಳಿದಿದ್ದರೆ ಅದು ಕುರ್ಚಿಯ ಮೇಲೆ ಕುಳಿತವರಿಗೆ, ಏಣಿ ಹತ್ತಿದವರಿಗಲ್ಲ.

ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳ ಸದಸ್ಯರಿಗೆ ಹಸೆ ಚಿತ್ತಾರವನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಬರೆಯುತ್ತಿದ್ದ ಚಿತ್ರವಿದು. ಅಕ್ಕಿಯನ್ನು ನೆನೆಸಿ ಅರೆದ ಹಿಟ್ಟಿನಿಂದ ಬಿಳುಪು, ಕಪ್ಪಾಗುವಂತೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಬೀಜದಿಂದ ಹಳದಿ, ಕುಂಚವಾಗಿ ಪುಂಡಿ ನಾರು. ಅಂಗಡಿಯಿಂದ ತರಬೇಕಾದುದು ಒಂದೂ ಇಲ್ಲ. ಮದುವೆಯ ಹಸೆಗೋಡೆ, ಭೂಮಿ ಹುಣ್ಣಿಮೆಯ ಬುಟ್ಟಿ, ಭತ್ತದ ತೆನೆಯ ತೋರಣ ಇವೆಲ್ಲ ಅದೇ ಕೈಗಳ ಕೆಲಸ. ಈ ಗೋಡೆಗಳನ್ನು ಬರೆಯುತ್ತ ಬೆಳೆದ ಬಹುಮಂದಿ ಹೆಂಗಸರು ಇಂದು ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿದ್ದಾರೆ. ಅವರಿಗೆ ಕೈ ಇದೆ, ಗೋಡೆ ಇಲ್ಲ.

ಗೋಡೆ ಇಲ್ಲವಾದುದರಲ್ಲಿ ಪಂಚಾಯತಿಗಳ ಪಾಲೂ ಇದೆ ಎಂಬುದನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಆಶ್ರಯ, ಇಂದಿರಾ ಆವಾಸ್, ಬಸವ ವಸತಿ ಯೋಜನೆಗಳ ಮೂಲಕ ಮಣ್ಣಿನ ಗೋಡೆಗಳ ಸ್ಥಾನದಲ್ಲಿ ಸಿಮೆಂಟಿನ ಗೋಡೆಗಳು ಬಂದವು. ಅದು ಆಗಬೇಕಾಗಿದ್ದ ಕೆಲಸವೇ. ಮಲೆನಾಡಿನ ಮಳೆಗೆ ಕುಸಿಯುವ ಗೋಡೆಯ ಕೆಳಗೆ ಯಾರೂ ಮಲಗಬೇಕಾಗಿಲ್ಲ. ಆದರೆ ಮನೆಯ ನಕ್ಷೆಯಲ್ಲಿ ಶೌಚಾಲಯಕ್ಕೆ, ಅಡುಗೆಯ ಕಟ್ಟೆಗೆ ಜಾಗ ಗುರುತಿಸಿದಾಗ ಚಿತ್ತಾರದ ಗೋಡೆಗೆ ಏನಾಗುವುದೆಂದು ಯಾರೂ ಕೇಳಲಿಲ್ಲ. ಕೇಳುವ ಅಂಕಣ ಯಾವ ನಮೂನೆಯಲ್ಲಿಯೂ ಇರಲಿಲ್ಲ.

ಹಿರಿಯ ನಾಗರಿಕರ ಪಾಲನೆ, ಪೋಷಣೆಗಾಗಿ 2007ರಲ್ಲಿ ಕೇಂದ್ರ ಕಾಯ್ದೆ ಬಂದಿತು. ನಿರ್ಗತಿಕ ಹಿರಿಯರಿಗಾಗಿ ಪ್ರತಿ ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮವನ್ನು ಹಂತ ಹಂತವಾಗಿ ಸ್ಥಾಪಿಸಲು ಅದರಲ್ಲಿ ಅವಕಾಶವಿದೆ. ಊಟ, ವಸತಿ, ಔಷಧಗಳ ಬಗ್ಗೆ ನಿಯಮ ರೂಪಿಸಬಹುದು; ಮಧ್ಯಾಹ್ನದ ಹನ್ನೊಂದರಿಂದ ನಾಲ್ಕರವರೆಗಿನ ಬೇಸಿಗೆಯ ಹೊತ್ತು ಹೇಗೆ ಕಳೆಯಬೇಕೆಂಬುದಕ್ಕೆ ನಿಯಮವಿಲ್ಲ. ಹೊರಗೆ ಕಾಲಿಡಲಾಗದ, ಒಳಗೆ ಮಾಡಲು ಏನೂ ಇಲ್ಲದ ಆ ಐದು ಗಂಟೆಗಳೇ ಆಶ್ರಮವಾಸಿಗಳಿಗೆ ಅತ್ಯಂತ ಉದ್ದನೆಯವು. ಗೋಡೆಯ ಕೆಲಸ ಹೊಂದುವುದು ಇಲ್ಲಿಗೆ. ಹಳ್ಳಿಯ ಮನೆಗಳಲ್ಲಿಯೂ ಸುಗ್ಗಿ ಮುಗಿದು ಮಳೆ ಹಿಡಿಯುವುದರೊಳಗೆ ಗೋಡೆ ಸಾರಿಸಿ ಬಣ್ಣ ಬಳಿಯುವ ಕಾಲ ಇದೇ ಆಗಿತ್ತು.

ಕೆಲಸದ ವಿವರಕ್ಕೆ ಬರುವುದಾದರೆ, ಮೊದಲ ತೊಡಕು ಗೋಡೆಯದೇ. ಮಣ್ಣಿನ ಗೋಡೆ ನೀರನ್ನು ಹೀರಿಕೊಂಡು ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಆಶ್ರಮಗಳ ಗೋಡೆಗೆ ಸಾಮಾನ್ಯವಾಗಿ ಎಣ್ಣೆಬಣ್ಣ ಅಥವಾ ತೊಳೆಯಬಹುದಾದ ಬಣ್ಣ ಹಚ್ಚಿರುತ್ತಾರೆ; ಅದು ನೀರನ್ನು ಹೀರುವುದಿಲ್ಲ, ಕೆಮ್ಮಣ್ಣು ಒಣಗಿದೊಡನೆ ಹೊಪ್ಪಳಿಕೆಯಾಗಿ ಉದುರುತ್ತದೆ. ಸುಣ್ಣ ಬಳಿದ ಗೋಡೆಯಾದರೆ ಚಿಂತೆಯಿಲ್ಲ. ಉಳಿದೆಡೆ ಹಾರ್ಡ್‌ಬೋರ್ಡಿನ ಒರಟು ಬದಿಗೆ ಅಥವಾ ಹಲಗೆಗೆ ಬಿಗಿದ ಹಳೆಯ ಹತ್ತಿಬಟ್ಟೆಗೆ ಕೆಮ್ಮಣ್ಣು ಬಳಿಯುವುದು ಲೇಸು. ಬೇಸಿಗೆ ಹುಣಸೆಯ ಕಾಲವಾದುದರಿಂದ ಬೀಜಕ್ಕೆ ಕೊರತೆಯಿಲ್ಲ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಕುದಿಸಿದ ಅಂಟನ್ನು ಮಣ್ಣಿಗೆ ಬೆರೆಸಿದರೆ ಹಿಡಿತ ಬರುತ್ತದೆ. ಅಂಗೈಯಗಲ ಬಳಿದು, ರಾತ್ರಿ ಒಣಗಲು ಬಿಟ್ಟು, ಬೆಳಗ್ಗೆ ಬೆರಳಿನಿಂದ ಉಜ್ಜಿ ನೋಡಿದ ಬಳಿಕವೇ ಪೂರ್ಣ ಹಲಗೆಗೆ ಕೈಹಾಕಬೇಕು. ಮಣ್ಣನ್ನು ಕುಟ್ಟಿ ಜರಡಿ ಹಿಡಿಯುವ ಕೆಲಸವನ್ನು ಹೊರಗಡೆ, ಸಿಬ್ಬಂದಿಯವರೇ ಮಾಡಬೇಕು. ದಮ್ಮು ಇರುವವರ ಬಳಿ ಆ ಧೂಳು ಸುಳಿಯಬಾರದು.

ಹಲಗೆಯಿಂದ ಇನ್ನೊಂದು ಅನುಕೂಲವಿದೆ. ಅದನ್ನು ಮೇಜಿನ ಮೇಲೆ, ಗಾಲಿಕುರ್ಚಿಯ ಮುಂದೆ, ಹಾಸಿಗೆಯ ಪಕ್ಕದಲ್ಲಿ ಇಟ್ಟು ಬರೆಯಬಹುದು. ಅರವತ್ತು ದಾಟಿದವರನ್ನು ಸ್ಟೂಲಿನ ಮೇಲೆ ನಿಲ್ಲಿಸುವ ಅಲಂಕಾರ ಯಾವ ಕಾರಣಕ್ಕೂ ಬೇಡ. ಬಿದ್ದು ತೊಡೆಯ ಮೂಳೆ ಮುರಿದ ವೃದ್ಧರು ಮತ್ತೆ ನಡೆಯುವುದು ಎಷ್ಟು ಕಷ್ಟವೆಂಬುದು ಎಲ್ಲ ಮನೆಗಳಲ್ಲಿಯೂ ಗೊತ್ತಿರುವ ವಿಷಯ. ಮುಗಿದ ಹಲಗೆಯನ್ನು ತೂಗುಹಾಕುವಾಗಲೂ ನಿಂತವರ ಕಣ್ಣಿನ ಎತ್ತರವನ್ನು ಲೆಕ್ಕ ಹಿಡಿಯಬಾರದು. ಕುಳಿತವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಇರುತ್ತದೆ. ಹಾಸಿಗೆ ಹಿಡಿದವರಿಗೆ ಕಾಣುವುದು ಕಾಲ ದೆಸೆಯ ಗೋಡೆ ಮಾತ್ರ.

ಹಸೆಯ ಬಣ್ಣಗಳು ವಯಸ್ಸಾದ ಕಣ್ಣಿಗೆ ಹೇಳಿ ಮಾಡಿಸಿದಂತಿವೆ. ಪೊರೆ ಬಂದ ಕಣ್ಣಿಗೆ ತಿಳಿಬಣ್ಣಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ, ಕಡುಗೆಂಪಿನ ಮೇಲಿನ ಬಿಳಿಗೆರೆ ಕಾಣುತ್ತದೆ. ಬೆರಳಿನ ಕೀಲು ಹಿಡಿದವರಿಗೆ ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಬೇಕು. ಮರೆವಿನ ಕಾಯಿಲೆಯವರನ್ನು ಹೊರಗಿಡಬಾರದು. ಬೆಳಗಿನ ತಿಂಡಿ ಮರೆತವರಿಗೂ ಚಿಕ್ಕಂದಿನಲ್ಲಿ ಕೈಗೆ ಕೂಡಿದ ಕೆಲಸ ಬಹುಕಾಲ ಉಳಿದಿರುವುದುಂಟು. ಅವರು ಬಣ್ಣವನ್ನು ಬಾಯಿಗಿಟ್ಟುಕೊಳ್ಳುವ ಸಂಭವವಿರುವುದರಿಂದ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಎಣ್ಣೆಬಣ್ಣ, ಟರ್ಪೆಂಟೈನು ಕೊಠಡಿಯೊಳಗೆ ಬರಲೇಬಾರದು.

ಒದ್ದೆಯ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಿ, ಮಧ್ಯಾಹ್ನಕ್ಕೆ ತೆನೆ ಹೆಣೆಯುವುದು, ಅಡಕೆಯ ಹಾಳೆ ಕತ್ತರಿಸುವುದು, ದಾರ ಹೊಸೆಯುವುದು ಮುಂತಾದ ಕುಳಿತ ಕೆಲಸವನ್ನು ಇಟ್ಟುಕೊಳ್ಳಬಹುದು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಕೇಳಿದಾಗ ನೀರು ಕೊಡುವುದಲ್ಲ, ಅರ್ಧ ಗಂಟೆಗೊಮ್ಮೆ ನೀರು ಅಥವಾ ಮಜ್ಜಿಗೆಯನ್ನು ಕೈಗಿಡಬೇಕು. ನೀರಿನ ಮಿತಿಯನ್ನು ವೈದ್ಯರು ಹೇಳಿರುವವರಿಗೆ ಆ ಮಿತಿಯಂತೆ. ಚಿತ್ತಾರ ಹೆಂಗಸರ ಕೆಲಸವೆಂದು ಗಂಡಸರು ದೂರ ಕುಳಿತರೆ ಒತ್ತಾಯ ಬೇಡ. ಬುಟ್ಟಿ, ಹಗ್ಗ, ಹಲಗೆಯ ಚೌಕಟ್ಟುಗಳ ಕೆಲಸ ಮುಂದಿಟ್ಟರೆ ಅವರಾಗಿಯೇ ಕೈಹಾಕುತ್ತಾರೆ, ಹೇಗೆ ಮಾಡಬೇಕೆಂದು ಸದಸ್ಯರನ್ನೇ ಗದರಿಸಲೂಬಹುದು. ಉತ್ತರ ಕರ್ನಾಟಕದಿಂದ ಬಂದ ಅಜ್ಜಿಯರಿದ್ದರೆ ಅವರಿಗೆ ಚಿತ್ತಾರ ಕಲಿಸುವ ಅಗತ್ಯವಿಲ್ಲ. ಹಳೆಯ ಸೀರೆ, ಸೂಜಿ, ದಾರ ಕೊಟ್ಟರೆ ಗೋಡೆಗೆ ಹಾಕುವ ಕೌದಿ ಸಿದ್ಧವಾಗುತ್ತದೆ.

ಒಂದು ಸೂಕ್ಷ್ಮವನ್ನು ಸದಸ್ಯರು ಮುಂಚಿತವಾಗಿ ತಿಳಿದಿರಬೇಕು. ಹಸೆಗೋಡೆ ಮದುವೆಗೆ ಸೇರಿದುದು. ಗಂಡನನ್ನು ಕಳೆದುಕೊಂಡ ಹೆಂಗಸನ್ನು ಶುಭಕಾರ್ಯದಿಂದ ದೂರವಿಡುವ ರೂಢಿ ನಾಡಿನ ಅನೇಕ ಮನೆಗಳಲ್ಲಿ ಇತ್ತು, ಇಂದಿಗೂ ಇದೆ. ಆಶ್ರಮಗಳಲ್ಲಿ ವಿಧವೆಯರು ಬಹಳ. ಅಂತಹ ತಾಯಿಯೊಬ್ಬರು "ನಾನು ಮುಟ್ಟಬಾರದು" ಎಂದು ಕೈ ಹಿಂದೆಳೆದುಕೊಂಡರೆ ಅದನ್ನು ಸೋಮಾರಿತನವೆಂದೋ ಮರೆವೆಂದೋ ಭಾವಿಸಬಾರದು. ಭಾಷಣ ಮಾಡಿ ಅವರ ಮನಸ್ಸನ್ನು ತಿದ್ದಲು ಹೊರಡುವುದೂ ಸಲ್ಲದು. ಭೂಮಿ ಹುಣ್ಣಿಮೆಯ ಬುಟ್ಟಿಯನ್ನೋ ಭತ್ತದ ತೋರಣವನ್ನೋ ಮುಂದಿಟ್ಟು, ಪಕ್ಕದವರು ಬರೆಯುವ ಗೆರೆ ಸರಿಯಿದೆಯೇ ಎಂದು ಅವರನ್ನು ಕೇಳಿದರೆ ಸಾಕು. ತಪ್ಪು ಗೆರೆಯನ್ನು ಎಷ್ಟು ಹೊತ್ತು ನೋಡಿಕೊಂಡು ಸುಮ್ಮನಿರುತ್ತಾರೆಂಬುದು ಅವರಿಗೆ ಬಿಟ್ಟದ್ದು.

ಪಂಚಾಯತಿಯ ಖರ್ಚು ಹೆಚ್ಚಿನದಲ್ಲ. ಒಂದು ಫ್ಲೆಕ್ಸಿನ ಹಣದಲ್ಲಿ ಹಲಗೆಗಳು ಬರುತ್ತವೆ. ಕೆಮ್ಮಣ್ಣು, ಹಾಳೆ, ತೆನೆಗಳನ್ನು ವಾರ್ಡಿನವರಿಂದ ಸಂಗ್ರಹಿಸಬಹುದು. ಸಂಜೀವಿನಿ ಸಂಘದ ಸದಸ್ಯೆಯರನ್ನೂ ರಜೆಯಲ್ಲಿ ಅರಿವು ಕೇಂದ್ರಕ್ಕೆ ಬರುವ ಮಕ್ಕಳನ್ನೂ ಕರೆದೊಯ್ಯಬೇಕು. ಆದರೆ ಕಲಿಸುವುದಕ್ಕಲ್ಲ, ಕಲಿಯುವುದಕ್ಕೆ. ಹಲಗೆಯ ಅಂಚಿನಲ್ಲಿ ಬರೆದವರು ಒಪ್ಪಿದರೆ ಅವರ ಹೆಸರಿರಲಿ. ಪ್ರಾಯೋಜಕರ, ಪದಾಧಿಕಾರಿಗಳ ಹೆಸರು ಬೇಡ. ಯಾರಾದರೂ ಕೊಳ್ಳಲು ಮುಂದೆ ಬಂದರೆ ಬೆಲೆ ಸಲ್ಲಬೇಕಾದುದು ಬರೆದವರಿಗೆ, ಆಶ್ರಮದ ಹುಂಡಿಗಲ್ಲ. ಭೇಟಿಯ ಸಮಯದಲ್ಲಿ ನಿವಾಸಿಗಳ ಕಡೆಗಣನೆ ಅಥವಾ ಹಿಂಸೆ ಕಂಡುಬಂದಲ್ಲಿ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ತಿಳಿಸುವುದು ಸದಸ್ಯರ ಹೊಣೆ.

ಅಕ್ಕಿಹಿಟ್ಟಿನ ಗೆರೆಗೆ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ. ಜೂನ್ ಮೊದಲ ವಾರದೊಳಗೆ ಹಲಗೆಗಳನ್ನು ಹೊರಗೋಡೆಯಿಂದ ಇಳಿಸಿ, ಗಾಳಿಯಾಡುವ ಒಳಕೊಠಡಿಗೆ ಸಾಗಿಸಬೇಕು. ಕೆಟ್ಟುಹೋದವನ್ನು ಎಸೆಯದೆ ಇಟ್ಟುಕೊಂಡರೆ ಮುಂದಿನ ಬೇಸಿಗೆಗೆ ಅವುಗಳ ಮೇಲೆಯೇ ಮತ್ತೆ ಕೆಮ್ಮಣ್ಣು ಬಳಿಯಬಹುದು.