ಗೆಲುವಿನ ಹದ

ನಮ್ಮ ಸೀಮೆಯ ರೈತರು ಬೆಳೆ ಚೆನ್ನಾಗಿ ಬಂದಾಗ ಬೀಜವನ್ನಷ್ಟೇ ಹೊಗಳಿ ಸುಮ್ಮನಾಗುವುದಿಲ್ಲ. ಈ ಸಲ ಹದ ಚಲೋ ಇತ್ತು ಎನ್ನುತ್ತಾರೆ. ಹದವೆಂದರೆ ಮಳೆಯೊಂದೇ ಅಲ್ಲ, ಮಣ್ಣೊಂದೇ ಅಲ್ಲ. ಮಳೆ, ಮಣ್ಣು, ಗಾಳಿ, ಬಿತ್ತುವವನ ಎಚ್ಚರ ಎಲ್ಲವೂ ಕೂಡಿ ಬಂದಾಗ ಒದಗುವ ಸ್ಥಿತಿ. ಕ್ರೀಡೆಯ ವಿಷಯದಲ್ಲಿ ಮಾತ್ರ ನಾವು ಈ ತಿಳಿವಳಿಕೆಯನ್ನು ಮರೆಯುತ್ತೇವೆ. ಹುಡುಗಿಯೊಬ್ಬಳು ಪದಕ ತಂದರೆ ಅವಳ ಹುಟ್ಟುಗುಣವನ್ನು ಕೊಂಡಾಡುತ್ತೇವೆ. ಬರಿಗೈಯಲ್ಲಿ ಬಂದರೆ ಹಣೆಬರಹವೆನ್ನುತ್ತೇವೆ. ಇವೆರಡರ ನಡುವೆ ಇರುವ ಹದವನ್ನು ಕುರಿತು ಕೆಲವು ಮಾತುಗಳನ್ನಾಡುವುದು ಇಂದು ನನ್ನ ಉದ್ದೇಶ.

ವಿಜಯಪುರವೆಂದೊಡನೆ ಹೊರಗಿನವರಿಗೆ ಗೋಳಗುಮ್ಮಟ ನೆನಪಾಗುತ್ತದೆ. ಸೈಕಲ್ ಪಂದ್ಯಗಳನ್ನು ಬಲ್ಲವರಿಗೆ ನೆನಪಾಗುವುದು ಇಲ್ಲಿಯ ಹುಡುಗ ಹುಡುಗಿಯರು. ಬೆಳಗಿನ ಜಾವ ಅಥಣಿಯ ದಾರಿ ಹಿಡಿದು ತಿಕೋಟಾದ ಕಡೆಗೋ, ಜಮಖಂಡಿಯ ದಾರಿ ಹಿಡಿದು ಬಬಲೇಶ್ವರದ ಕಡೆಗೋ ಹೊರಟ ಈ ಮಕ್ಕಳ ಸಾಲನ್ನು ನಾನು ಅನೇಕ ಸಲ ಕಂಡಿದ್ದೇನೆ. ಬಯಲು ನೆಲ, ಉದ್ದನೆಯ ರಸ್ತೆ, ಕ್ರೀಡಾ ಇಲಾಖೆಯ ಸೈಕ್ಲಿಂಗ್ ನಿಲಯ, ರೈಲ್ವೆಯಲ್ಲೋ ಸೈನ್ಯದಲ್ಲೋ ನೌಕರಿ ದೊರೆತೀತೆಂಬ ಆಸೆ ಇವೆಲ್ಲ ಈ ಪರಂಪರೆಗೆ ಕಾರಣಗಳು. ಇವುಗಳಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಹಿಂದಿನ ಓಣಿಯ ಅಕ್ಕ ರಾಷ್ಟ್ರೀಯ ಪಂದ್ಯಕ್ಕೆ ಹೋಗಿ ಬಂದದ್ದನ್ನು ಕಂಡ ಹುಡುಗಿಗೆ ದೆಹಲಿ ದೂರವೆನಿಸುವುದಿಲ್ಲ.

ಆದರೂ ಈ ಹದ ಪೂರ್ಣವಾದದ್ದಲ್ಲ. 1948, 1952 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಸೈಕಲ್ ಸವಾರರಿದ್ದರು. ಅನಂತರ 2024ರ ಪ್ಯಾರಿಸ್‌ವರೆಗೆ ಒಬ್ಬರೂ ಇಲ್ಲ. ಅಂತರರಾಷ್ಟ್ರೀಯ ಟ್ರ್ಯಾಕ್ ಎಂದರೆ 250 ಮೀಟರಿನ, ತಿರುವಿನಲ್ಲಿ ಗೋಡೆಯಂತೆ ಎದ್ದು ನಿಲ್ಲುವ ಮರದ ಹಾಸು. ಅದರ ಮೇಲೆ ಓಡುವ ಸೈಕಲ್ಲಿಗೆ ಬ್ರೇಕಿಲ್ಲ. ನಮ್ಮ ಊರಿನಲ್ಲಿ ವೆಲೊಡ್ರೋಮ್ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು. ಅಷ್ಟು ಕಾಲ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಯೇ ಈ ಮಕ್ಕಳ ಶಾಲೆಯಾಗಿತ್ತು.

ಹದವನ್ನು ಬುದ್ಧಿಪೂರ್ವಕವಾಗಿ ಕಟ್ಟಿದವರ ನಿದರ್ಶನವೂ ಇದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1994ರಲ್ಲಿ ಒಂದು ಒಳಾಂಗಣ ವೆಲೊಡ್ರೋಮ್ ತೆರೆಯಿತು. ಕೆಲವೇ ವರ್ಷಗಳಲ್ಲಿ ಲಾಟರಿಯ ಹಣ ಕ್ರೀಡೆಗೆ ಹರಿದು ಬಂತು. ಡೇವ್ ಬ್ರೈಲ್ಸ್‌ಫರ್ಡ್ ಎಂಬ ನಾಯಕನ ಕಾಲದಲ್ಲಿ ಸವಾರರು ಮಲಗುವ ದಿಂಬಿನಿಂದ ಹಿಡಿದು ಕೈ ತೊಳೆಯುವ ಕ್ರಮದವರೆಗೆ ಪ್ರತಿಯೊಂದರಲ್ಲೂ ಕಿಂಚಿತ್ ಸುಧಾರಣೆಯನ್ನು ಹುಡುಕಿದರು. 2008ರ ಬೀಜಿಂಗ್‌ನಲ್ಲಿ ಟ್ರ್ಯಾಕ್ ಸೈಕ್ಲಿಂಗಿನ 10 ಚಿನ್ನಗಳಲ್ಲಿ 7 ಬ್ರಿಟನ್ನಿನ ಪಾಲಾದವು. ನಮ್ಮಲ್ಲಿ ಕತೆಯನ್ನು ಇಲ್ಲಿಗೇ ಮುಗಿಸುವವರು ಹೆಚ್ಚು. ಆದರೆ 2017ರಲ್ಲಿ ಅದೇ ಸಂಸ್ಥೆಯನ್ನು ಕುರಿತ ಸ್ವತಂತ್ರ ವಿಚಾರಣೆಯ ವರದಿಯೂ ಹೊರಬಂತು. ಪದಕದ ಬೆನ್ನು ಹತ್ತಿದ ಆ ವ್ಯವಸ್ಥೆಯೊಳಗೆ ಭಯ ನೆಲೆಸಿತ್ತು, ಆಟಗಾರರ ಕ್ಷೇಮದ ಕಡೆ ಸಾಕಷ್ಟು ಗಮನವಿರಲಿಲ್ಲ ಎಂಬುದು ಅದರ ಸಾರ. ದಿಂಬನ್ನು ಅಳೆದು ಕೊಟ್ಟವರು ಅದರ ಮೇಲೆ ತಲೆಯಿಟ್ಟವರ ದುಗುಡವನ್ನು ಕೇಳಲಿಲ್ಲವೆಂದರೆ ತಪ್ಪಾಗಲಾರದು.

ಅದೇ 2017ರಲ್ಲಿ ನಮ್ಮ ಊರಿನ ಮಗಳೊಬ್ಬಳು ಇನ್ನೊಂದು ಪಾಠ ಹೇಳಿದಳು. ರಾಜೇಶ್ವರಿ ಗಾಯಕವಾಡ ಮಹಿಳಾ ವಿಶ್ವಕಪ್ ಕ್ರಿಕೆಟ್ಟಿಗಾಗಿ ಇಂಗ್ಲೆಂಡಿಗೆ ಹೋಗಿ ಮೊದಲ ಪಂದ್ಯಗಳಲ್ಲಿ ಹೊರಗೇ ಕುಳಿತಿದ್ದಳು. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡಿನ ಎದುರು, ಸೋತರೆ ಸೆಮಿಫೈನಲ್ಲಿಲ್ಲವೆಂಬ ಪಂದ್ಯದಲ್ಲಿ, ಅವಳಿಗೆ ಕರೆ ಬಂತು. 15 ರನ್ ಕೊಟ್ಟು 5 ವಿಕೆಟ್ ಪಡೆದಳು; ಎದುರಾಳಿಗಳು 79ಕ್ಕೆ ಮುಗಿದರು. ಆಡುವ ಹನ್ನೊಂದು ಮಂದಿಯನ್ನು ಹುರಿದುಂಬಿಸುವುದು ಯಾವ ನಾಯಕನಿಗೂ ಕಷ್ಟವಲ್ಲ. ಆಡದೆ ಕುಳಿತವರ ಮನಸ್ಸು ತುಕ್ಕು ಹಿಡಿಯದಂತೆ ಕಾಯುವ ತಂಡದಲ್ಲಿ ಮಾತ್ರ ಇಂಥ ದಿನ ಬರುತ್ತದೆ. ತಂದೆಯನ್ನು ಕಳೆದುಕೊಂಡ ಮನೆಯ ಭಾರ ಹೊತ್ತಿದ್ದ ಈಕೆ, ಬಹುಮಾನವಾಗಿ ಕಾರು ಕೊಡಲು ಬಂದಾಗ, ತನ್ನವರಿಗೆ ಮೊದಲು ಬೇಕಾದದ್ದು ಮನೆ ಎಂದಳು. ನಾವು ಗೆದ್ದ ಮೇಲೆ ಕೊಡುವುದಕ್ಕೂ, ಗೆಲ್ಲುವ ಮೊದಲು ಅವರಿಗೆ ಬೇಕಾದುದಕ್ಕೂ ಇರುವ ಅಂತರ ಆ ಒಂದು ಮಾತಿನಲ್ಲಿದೆ.

ತಿಕೋಟಾದ ದ್ರಾಕ್ಷಿ ಬೆಳೆಗಾರರನ್ನು ಕೇಳಿದರೆ ಇದರ ಮರ್ಮ ತಿಳಿಯುತ್ತದೆ. ಅವರು ವರ್ಷಕ್ಕೆ ಎರಡು ಚಾಟನಿ ಮಾಡುತ್ತಾರೆ. ಏಪ್ರಿಲಿನ ಚಾಟನಿ ಹಣ್ಣಿಗಲ್ಲ, ಕಡ್ಡಿ ಬಲಿಯುವುದಕ್ಕೆ. ಹಣ್ಣಿನ ಚಾಟನಿ ಅಕ್ಟೋಬರಿನದು. ಕಡ್ಡಿ ಬಲಿಯುವ ಮೊದಲೇ ಗೊಂಚಲಿಗೆ ಆತುರಪಟ್ಟವನಿಗೆ ಬಳ್ಳಿಯೂ ಉಳಿಯುವುದಿಲ್ಲ. ನಮ್ಮ ಕ್ರೀಡಾ ನಿಲಯಗಳಿಗೆ ಮಕ್ಕಳು ಬರುವುದು ಬಲಿಯುವ ಆ ವಯಸ್ಸಿನಲ್ಲಿ. ಅವರಿಂದ ವರ್ಷ ವರ್ಷವೂ ಪದಕದ ಲೆಕ್ಕ ಕೇಳುತ್ತೇವೆ. ಊಟವೇನು, ನಿದ್ದೆಯೆಷ್ಟು, ಶಾಲೆಯ ಪಾಠ ನಡೆದಿದೆಯೇ, ಮೊಣಕಾಲು ನೋಯುತ್ತದೆಂದು ಹೇಳಲು ಧೈರ್ಯವಿದೆಯೇ ಎಂದು ಕೇಳುವವರು ಕಡಿಮೆ. ಹತ್ತು ಮಕ್ಕಳಲ್ಲಿ ಒಬ್ಬರು ದೇಶಕ್ಕೆ ಆಡಬಹುದು. ಉಳಿದ ಒಂಬತ್ತು ಮಂದಿ ಯಾವ ಮುಖ ಹೊತ್ತು ಊರಿಗೆ ಮರಳುತ್ತಾರೆಂಬುದರ ಮೇಲೆ ಆ ನಿಲಯದ ಬೆಲೆ ಕಟ್ಟಬೇಕೆಂದು ನನಗನ್ನಿಸುತ್ತದೆ. ಏಕೆಂದರೆ ಮುಂದಿನ ಮಗುವನ್ನು ಕಳಿಸಬೇಕೋ ಬೇಡವೋ ಎಂದು ತಾಯಿತಂದೆ ನಿರ್ಧರಿಸುವುದು ಆ ಒಂಬತ್ತು ಮುಖಗಳನ್ನು ನೋಡಿ.

ನಾಯಕತ್ವವನ್ನು ಕುರಿತು ದೊಡ್ಡ ಗ್ರಂಥಗಳಿವೆ. ನಮ್ಮ ಸವಾರರು ಅದನ್ನು ರಸ್ತೆಯ ಮೇಲೆ ಕಲಿಯುತ್ತಾರೆ. ಮಳೆಗಾಲದಲ್ಲಿ ತಿಕೋಟಾದ ಕಡೆ ಹೊರಟವರಿಗೆ ಪಡುವಣ ಗಾಳಿ ಎದುರು. ಮುಂದಿರುವವನು ಗಾಳಿಯನ್ನು ತನ್ನ ಎದೆಗೆ ತೆಗೆದುಕೊಳ್ಳುತ್ತಾನೆ. ಬೆನ್ನಿಗೆ ಅಂಟಿ ಬರುವವನಿಗೆ ಶ್ರಮದಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಉಳಿತಾಯ. ಸ್ವಲ್ಪ ಹೊತ್ತಿನ ನಂತರ ಮುಂದಿನವನು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರುತ್ತಾನೆ, ಇನ್ನೊಬ್ಬನು ಗಾಳಿಗೆ ಎದೆಯೊಡ್ಡುತ್ತಾನೆ. ಗಾಳಿಯನ್ನು ತಾನು ತಡೆಯುವುದು, ಸಕಾಲದಲ್ಲಿ ಸ್ಥಳ ಬಿಟ್ಟುಕೊಡುವುದು, ಹಿಂದೆ ಉಳಿದವನ ಉಸಿರನ್ನು ಲೆಕ್ಕಕ್ಕಿಟ್ಟುಕೊಂಡು ವೇಗ ಹಿಡಿಯುವುದು ಹದಿನಾಲ್ಕು ವರ್ಷದ ಮಕ್ಕಳಿಗೆ ಗೊತ್ತಿದೆ. ಅವರನ್ನು ನಡೆಸುವ ಹಿರಿಯರು, ಅಧಿಕಾರಿಗಳು, ತರಬೇತುದಾರರು ಇಷ್ಟನ್ನು ರೂಢಿಸಿಕೊಂಡರೆ ಈ ನೆಲದ ಹದ ತಾನಾಗಿ ಕೂಡಿಬಂದೀತು.